ಕ್ಯಾಂಪಿನಲ್ಲಿ ಐದು ಲೀಟರ್ ಸ್ನಾನ: ನೀರಿನ ಲೆಕ್ಕದ ಟಿಪ್ಪಣಿ

ನಲ್ಲಿ ಇಲ್ಲ, ಬೋರ್‌ವೆಲ್ ಇಲ್ಲ, ಕರೆಂಟೂ ಇಲ್ಲ. ಅಂಥ ಕಡೆ ಟೆಂಟ್ ಹಾಕಿದರೆ ಮೊದಲ ದಿನ ಎಲ್ಲರ ಗಮನ ಕುಡಿಯುವ ನೀರಿನ ಮೇಲೆ. ಎರಡನೇ ದಿನ ಮೈ ಅಂಟಂಟು ಅನ್ನಿಸಿದಾಗ ಸ್ನಾನದ ಮಾತು ಬರುತ್ತದೆ, ಅಷ್ಟು ಹೊತ್ತಿಗೆ ಕ್ಯಾನ್ ಅರ್ಧ ಖಾಲಿ. ಹಾಗಾಗಿ ಸ್ನಾನದ ಲೆಕ್ಕವನ್ನು ಹೊರಡುವ ಮೊದಲೇ ಮಾಡಬೇಕು. ಕ್ಯಾಂಪ್ ನಡೆಸುವುದನ್ನು ಕಲಿಯುತ್ತಿರುವವರಿಗಾಗಿ ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಗಣಿತ ಹೈಸ್ಕೂಲಿನದ್ದೇ, ಹೆದರಬೇಡಿ.

ಮೊದಲು ಕ್ಯಾನಿನ ಲೆಕ್ಕ

ಒಂದು ಮಾಮೂಲಿ ಕ್ಯಾಂಪ್ ಇಟ್ಟುಕೊಳ್ಳೋಣ. ಮಾರ್ಚ್ ತಿಂಗಳು, ಬಯಲುಸೀಮೆಯಲ್ಲಿ ಪರಿಚಯದವರ ಹೊಲ. ನಾಲ್ಕು ಜನ, ಒಂದು ಕಾರು, ಶುಕ್ರವಾರ ಸಂಜೆಯಿಂದ ಭಾನುವಾರ ಬೆಳಿಗ್ಗೆವರೆಗೆ. ಮೊದಲ ಸಂಜೆ, ಕೊನೆಯ ಬೆಳಿಗ್ಗೆ ಸೇರಿಸಿ ಒಂದು ದಿನ ಅಂದರೆ ಒಟ್ಟು ಎರಡು ದಿನ. ನಾಲ್ಕು ಜನಕ್ಕೆ ಎರಡು ದಿನ, ಎಂಟು ಪಾಲು.

ಒಂದು ಪಾಲಿಗೆ ಎಷ್ಟು ನೀರು? ಆ ಸೆಖೆಗೆ ಕುಡಿಯಲು 4 ಲೀಟರ್. ಅಡುಗೆ, ಕಾಫಿ, ಟೀಗೆ 2. ಪಾತ್ರೆಗೆ ಒಂದೂವರೆ. ಕೈ, ಮುಖ, ಹಲ್ಲು, ಕಕ್ಕಸು ಎಲ್ಲ ಸೇರಿ 3. ಒಟ್ಟು ಹತ್ತೂವರೆ ಲೀಟರ್. ಎಂಟು ಪಾಲಿಗೆ 84. ಯಾರೋ ಮುಚ್ಚಳ ಸರಿಯಾಗಿ ಹಾಕದೆ ಚೆಲ್ಲುವುದು ಇದ್ದೇ ಇದೆ, ಅದಕ್ಕೆ ಹತ್ತರಲ್ಲೊಂದು ಪಾಲು ಸೇರಿಸಿ. ಸುಮಾರು 92 ಲೀಟರ್. 20 ಲೀಟರಿನ ಕ್ಯಾನ್ ಐದು ಬೇಕು. ಇದರಲ್ಲಿ ಸ್ನಾನ ಇನ್ನೂ ಸೇರಿಲ್ಲ, ನೋಡಿ.

ಆರನೇ ಕ್ಯಾನ್ ಇಟ್ಟುಕೊಂಡರೆ ಒಟ್ಟು 120 ಲೀಟರ್ ಆಗುತ್ತದೆ. ಉಳಿಯುವುದು 28. ಒಬ್ಬರಿಗೆ 5 ಲೀಟರಿನ ಹಾಗೆ ಶನಿವಾರ ಸಂಜೆ ಒಂದು ಸ್ನಾನ, ಅಲ್ಲಿಗೆ 20. ಮಿಕ್ಕ 8 ಲೀಟರ್ ತಲೆಗೆ ಹಾಕಿಕೊಳ್ಳಲೇಬೇಕು ಅನ್ನುವವರಿಗೆ, ಅಥವಾ ಮುಟ್ಟಾದವರಿಗೆ. ಇದನ್ನು ಗುಂಪಿನ ಮುಂದೆ ಚರ್ಚೆಗೆ ಇಡಬೇಡಿ, ಸುಮ್ನೆ ಎತ್ತಿಡಿ.

ವಿಪತ್ತು ಪರಿಹಾರ ಶಿಬಿರಗಳಿಗೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಅಂತಿದೆ. ನಮ್ಮ ಹತ್ತೂವರೆಗೆ ಐದು ಸೇರಿಸಿದರೆ ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತೇವೆ. ಅಂದರೆ ಐದು ಲೀಟರಿನ ಸ್ನಾನ ಜಿಪುಣತನವೂ ಅಲ್ಲ, ದುಂದೂ ಅಲ್ಲ.

ಇನ್ನೂ ಒಂದೆರಡು ಕ್ಯಾನ್ ಜಾಸ್ತಿ ಹಾಕಿಕೊಂಡರೆ ಆಯ್ತಲ್ವಾ ಅಂತ ಕೇಳಬಹುದು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಆರು ಕ್ಯಾನ್ ಅಂದರೆ 120 ಕಿಲೋ, ಕಾರಿನಲ್ಲಿ ಇನ್ನಿಬ್ಬರು ದೊಡ್ಡವರು ಕೂತ ಹಾಗೆ. ನಾಲ್ಕು ಜನ, ಟೆಂಟು, ಒಲೆ, ದಿನಸಿ ತುಂಬಿದ ಮೇಲೆ ಮಾಮೂಲಿ ಕಾರಿಗೆ ಅದೇ ಸಾಕಷ್ಟು ಭಾರ.

ನೀರು ಉಳಿಸಬೇಕೆಂದರೆ ಸ್ನಾನಕ್ಕಿಂತ ಮೊದಲು ಪಾತ್ರೆ ಕಡೆ ನೋಡಿ. ಮುತ್ತುಗದ ಎಲೆಯಲ್ಲೋ ಬಾಳೆಲೆಯಲ್ಲೋ ಉಂಡರೆ ತಟ್ಟೆ ತೊಳೆಯುವ ಕೆಲಸವೇ ಇಲ್ಲ. ಅಕ್ಕಿ ತೊಳೆದ ನೀರನ್ನು ಎತ್ತಿಟ್ಟರೆ ಪಾತ್ರೆಯ ಮೊದಲ ಸುತ್ತಿಗೆ ಆಗುತ್ತದೆ. ಜಿಡ್ಡನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ಬೂದಿ, ತೆಂಗಿನ ನಾರು. ಮುದ್ದೆ ಮಾತ್ರ ಕ್ಯಾಂಪಿನಲ್ಲಿ ಬೇಡ. ತಿನ್ನಲು ಚೆನ್ನಾಗಿರುತ್ತದೆ, ನಿಜ. ಆದರೆ ತಳ ಹಿಡಿದ ಆ ಪಾತ್ರೆಯನ್ನು ನೆನೆಸಿ ತೊಳೆಯುವುದಕ್ಕೆ ಒಬ್ಬರ ಸ್ನಾನದ ನೀರು ಹೋಗುತ್ತದೆ.

ನೀರು ಕುಡಿಯುವುದು ಸೋಪು

ಈಗ ಮುಖ್ಯ ವಿಷಯ. ಮೈ ಮೇಲಿನ ಬೆವರು, ಉಪ್ಪು, ದೂಳು ಹೋಗುವುದಕ್ಕೆ ಜಾಸ್ತಿ ನೀರು ಬೇಕಿಲ್ಲ. ಒದ್ದೆ ಟವೆಲ್ಲಿನಲ್ಲಿ ಉಜ್ಜಿದರೆ ಬಹುಪಾಲು ಬಂದುಬಿಡುತ್ತದೆ. ನೀರು ಖರ್ಚಾಗುವುದು ಹಚ್ಚಿಕೊಂಡ ಸೋಪನ್ನು ತೆಗೆಯುವುದಕ್ಕೆ. ಸೋಪಿನ ಜಾರು ಹೋಗುವ ತನಕ ನಾವು ಸುರಿಯುತ್ತಲೇ ಇರುತ್ತೇವೆ. ಸೋಪು ಅರ್ಧ ಮಾಡಿದರೆ ನೀರೂ ಹತ್ತಿರ ಹತ್ತಿರ ಅರ್ಧ ಆಗುತ್ತದೆ.

ಹಾಗಾಗಿ ಸೋಪು ಬೇಕಾದ ಜಾಗಕ್ಕೆ ಮಾತ್ರ: ಕಂಕುಳು, ತೊಡೆಸಂದು, ಪಾದ. ಬೆನ್ನು, ಕೈ, ಕಾಲಿಗೆ ಟವೆಲ್ ಸಾಕು. ಸೋಪಿನ ಬಿಲ್ಲೆಯನ್ನು ನೇರವಾಗಿ ಮೈಗೆ ತಿಕ್ಕಬೇಡಿ, ಜಾಸ್ತಿ ಹತ್ತುತ್ತದೆ. ಒಂದು ಗ್ಲಾಸ್ ನೀರಿಗೆ ಅರ್ಧ ಚಮಚ ಲಿಕ್ವಿಡ್ ಸೋಪು ಹಾಕಿ, ಅದರಲ್ಲಿ ಸಣ್ಣ ಬಟ್ಟೆ ಅದ್ದಿ ಹಿಂಡಿ ಉಜ್ಜಿಕೊಳ್ಳಿ. ನೊರೆ ಬರಲಿಲ್ಲ ಅಂತ ಬೇಜಾರಾಗಬೇಡಿ. ನೊರೆ ಬಂದಷ್ಟೂ ತೊಳೆಯುವ ಕೆಲಸ ಜಾಸ್ತಿ. ಎಣ್ಣೆ ಸ್ನಾನದ ಆಸೆ ಇದ್ದರೆ ಮನೆಗೆ ಬಂದ ಮೇಲೆ ಮಾಡಿ.

ಐದು ಲೀಟರ್ ಹೀಗೆ ಹಂಚಿಕೊಳ್ಳಿ. ಮೈ ಒದ್ದೆ ಮಾಡಲು ಒಂದು ಲೀಟರ್. ನೀರು ನಿಲ್ಲಿಸಿ ಸೋಪು, ಉಜ್ಜಾಟ. ತೊಳೆಯಲು ಮೂರೂವರೆ. ಕೊನೆಯ ಅರ್ಧ ಲೀಟರ್ ಪಾದಕ್ಕೆ. ಒದ್ದೆ, ನಿಲ್ಲಿಸು, ಉಜ್ಜು, ತೊಳೆ ಅನ್ನುವ ಈ ಕ್ರಮ ಹಡಗಿನವರದ್ದು. ಸಮುದ್ರದ ನಡುವೆ ಸಿಹಿನೀರು ಲೆಕ್ಕದ್ದು ತಾನೇ. ಇದಕ್ಕೆ ನೇವಿ ಶವರ್ ಅಂತಲೇ ಹೆಸರು ಬಂದಿದೆ. ಮನೆಯ ಸಾಮಾನ್ಯ ಶವರಿನಲ್ಲಿ ನಿಮಿಷಕ್ಕೆ 8ರಿಂದ 10 ಲೀಟರ್ ಹೋಗುತ್ತದೆ. ಅಂದರೆ ನಮ್ಮ ಇಡೀ ಸ್ನಾನ ಅಲ್ಲಿ ಅರ್ಧ ನಿಮಿಷದ ಬಾಬ್ತು.

ಬಕೆಟ್ಟು, ಚೊಂಬಿನಲ್ಲೇ ಬೆಳೆದವರು ನಾವು, ನಮಗೆ ಇದು ಸುಲಭವಾಗಬೇಕಿತ್ತು. ಆದರೆ ಚೊಂಬು ದೊಡ್ಡದು. ಮುಕ್ಕಾಲು ಲೀಟರ್ ಒಂದೇ ಸಲ ಹೆಗಲ ಮೇಲೆ ಸುರಿದರೆ ಅರ್ಧ ನೀರು ಮೈ ಮುಟ್ಟದೆ ನೆಲಕ್ಕೆ ಬೀಳುತ್ತದೆ. ಕ್ಯಾಂಪಿಗೆ 200 ಮಿಲಿಯ ಸ್ಟೀಲ್ ಲೋಟ ಒಯ್ಯಿರಿ. ಐದು ಲೀಟರಿಗೆ 25 ಲೋಟ ಆಗುತ್ತದೆ. ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ನೀರನ್ನು ಮೈಗೆ ಸವರಿಕೊಳ್ಳಿ. ಇಷ್ಟು ಬದಲಾವಣೆ ಸಾಕು, ಏನೂ ಕೊಳ್ಳಬೇಕಿಲ್ಲ.

ಬಾಟಲಿ ಶವರ್

ಎರಡು ಲೀಟರಿನ ಗಟ್ಟಿ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಸೂಜಿ ಕಾಯಿಸಿ ಮುಚ್ಚಳದಲ್ಲಿ ಹತ್ತು ತೂತು ಮಾಡಿ, ಒಂದೊಂದೂ ಸುಮಾರು ಒಂದು ಮಿಲಿಮೀಟರ್. ಬಾಟಲಿಯ ತಳದಲ್ಲಿ ಇನ್ನೊಂದು ಸಣ್ಣ ತೂತು. ತಳದ ತೂತನ್ನು ಬೆರಳಿನಿಂದ ಮುಚ್ಚಿ, ನೀರು ತುಂಬಿ, ಮುಚ್ಚಳ ಬಿಗಿದು ತಲೆಕೆಳಗು ಮಾಡಿ. ಒಂದೆರಡು ಹನಿ ಬಿದ್ದು ನಿಂತುಬಿಡುತ್ತದೆ. ಬೆರಳು ತೆಗೆದರೆ ನೀರು ಸುರಿಯುತ್ತದೆ, ಇಟ್ಟರೆ ಮತ್ತೆ ನಿಲ್ಲುತ್ತದೆ. ಒಳಗೆ ಗಾಳಿ ಹೋಗದಿದ್ದರೆ ಹೊರಗೆ ನೀರು ಬರುವುದಿಲ್ಲ, ಅಷ್ಟೇ. ಹೊರಗಿನ ಗಾಳಿಯ ಒತ್ತಡ ಕೆಳಗಿನಿಂದ ನೀರನ್ನು ತಡೆದು ಹಿಡಿಯುತ್ತದೆ. ನಲ್ಲಿಯ ಕೆಲಸ ಬೆರಳೇ ಮಾಡುತ್ತದೆ. ತೆಳು ಬಾಟಲಿ ಆದರೆ ಒಳಕ್ಕೆ ನಜ್ಜಾಗಿ ಒಂದಿಷ್ಟು ನೀರು ಸೋರುತ್ತದೆ, ಅದಕ್ಕೇ ಗಟ್ಟಿಯದ್ದು ಬೇಕು ಅಂದದ್ದು.

ಇದರಿಂದ ಎಷ್ಟು ನೀರು ಬರುತ್ತದೆ? ತೂತಿನ ಮೇಲೆ ನಿಂತ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ವೇಗ ಇರುತ್ತದೆ, ಟಾರಿಚೆಲ್ಲಿ ನಿಯಮ ನೆನಪಿದೆಯಲ್ಲ? ಕಾಲು ಮೀಟರ್ ಎತ್ತರಕ್ಕೆ ಸೆಕೆಂಡಿಗೆ ಸುಮಾರು 2.2 ಮೀಟರ್ ವೇಗ. ಸಣ್ಣ ತೂತಿನಲ್ಲಿ ಧಾರೆ ಕುಗ್ಗುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ ಹತ್ತು ತೂತಿಗೆ ನಿಮಿಷಕ್ಕೆ ಸುಮಾರು 600 ಮಿಲಿ. ಎರಡು ಲೀಟರ್ ಮೂರು ನಿಮಿಷಕ್ಕಿಂತ ಜಾಸ್ತಿ ಬಾಳುತ್ತದೆ.

ಇದೇ ನಿಯಮ ಕೊಂಬೆಗೆ ನೇತು ಹಾಕುವ ಶವರ್ ಚೀಲಕ್ಕೂ ಅನ್ವಯಿಸುತ್ತದೆ. ಚೀಲವನ್ನು ಎರಡು ಪಟ್ಟು ಎತ್ತರಕ್ಕೆ ಏರಿಸಿದರೆ ಧಾರೆ ಎರಡು ಪಟ್ಟಾಗುವುದಿಲ್ಲ, 1.4 ಪಟ್ಟಷ್ಟೇ. ಹತ್ತು ಲೀಟರಿನ ಚೀಲ ಎತ್ತಿಕೊಂಡು ಮರ ಹತ್ತುವ ಸಾಹಸ ಬೇಡ. ಪೈಪು ತಲೆಯಿಂದ ಒಂದು ಗೇಣು ಮೇಲೆ ಬಂದರೆ ಸಾಕು.

ಬಾಟಲಿಯ ಇನ್ನೊಂದು ದೊಡ್ಡ ಉಪಯೋಗ ಕೈ ತೊಳೆಯುವುದಕ್ಕೆ. ಕಕ್ಕಸಿನ ದಾರಿಯಲ್ಲಿ ಒಂದು, ಅಡುಗೆ ಜಾಗದಲ್ಲಿ ಒಂದು ಕಟ್ಟಿಡಿ. ಹದಿನೈದು ಸೆಕೆಂಡ್ ನೀರು ಬಿಟ್ಟರೆ 150 ಮಿಲಿ, ಕೈ ಚೆನ್ನಾಗಿ ತೊಳೆದಾಗುತ್ತದೆ. ನೀರು ತೀರಾ ಕಮ್ಮಿಯಾದರೆ ಸ್ನಾನ ಬಿಡಿ, ಕೈ ತೊಳೆಯುವುದನ್ನು ಬಿಡಬೇಡಿ. ಸ್ನಾನ ಮಾಡದಿದ್ದರೆ ವಾಸನೆ ಬರುತ್ತದೆ, ಕೈ ತೊಳೆಯದಿದ್ದರೆ ಭೇದಿ ಹತ್ತಿಕೊಂಡು ಇಡೀ ಗುಂಪು ಮಲಗುತ್ತದೆ.

ಬಿಸಿನೀರು

ಇದಕ್ಕೆ ನೆನಪಿಡಲು ಒಂದೇ ಸೂತ್ರ: ಒಂದು ಪಾಲು ಕುದಿಯುವ ನೀರಿಗೆ ಮೂರು ಪಾಲು ತಣ್ಣೀರು. ತಣ್ಣೀರು 22 ಡಿಗ್ರಿ ಇದ್ದರೆ ಬೆರೆಸಿದ್ದು 41 ಡಿಗ್ರಿ ಆಸುಪಾಸು ಬರುತ್ತದೆ, ಹಿತವಾದ ಬಿಸಿ. ಐದು ಲೀಟರಿಗೆ ಒಂದೂಕಾಲು ಲೀಟರ್ ಮಾತ್ರ ಕುದಿಸಿದರೆ ಸಾಕು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಸಣ್ಣ ಗ್ಯಾಸ್ ಒಲೆಯ ಬಿಸಿಯಲ್ಲಿ ಅರ್ಧ ಗಾಳಿಪಾಲು ಅಂದುಕೊಂಡರೂ ಒಬ್ಬರಿಗೆ 18 ಗ್ರಾಂ ಗ್ಯಾಸ್ ಸಾಕು. ನಾಲ್ಕು ಜನಕ್ಕೆ 70 ಗ್ರಾಂ ದಾಟುತ್ತದೆ. ಸುಮಾರು 220 ಗ್ರಾಮಿನ ಡಬ್ಬಿಯಲ್ಲಿ ಮೂರನೇ ಒಂದು ಪಾಲು ಖಾಲಿ. ಅಡುಗೆಗೆ ಉಳಿಯುತ್ತದಾ ನೋಡಿಕೊಳ್ಳಿ.

ಬಿಸಿಲಿದ್ದರೆ ಗ್ಯಾಸ್ ಉಳಿಯುತ್ತದೆ. ಕಪ್ಪು ಶವರ್ ಚೀಲ ಸಾಮಾನ್ಯವಾಗಿ 20 ಲೀಟರಿನದ್ದು, ಪೂರ್ತಿ ತುಂಬುವುದು ಎಲ್ಲರ ಅಭ್ಯಾಸ. ಅರ್ಧ ತುಂಬಿ. 50ಕ್ಕೆ 40 ಸೆಂಟಿಮೀಟರ್ ಚೀಲದ ಮೇಲೆ ನಡು ಮಧ್ಯಾಹ್ನ ಬೀಳುವ ಬಿಸಿಲಿನಲ್ಲಿ ಅರ್ಧ ನೀರಿಗೆ ಸೇರುತ್ತದೆ ಅಂದುಕೊಂಡರೆ 90 ವ್ಯಾಟ್ ಆಗುತ್ತದೆ. 10 ಲೀಟರ್ ನೀರು 26 ಡಿಗ್ರಿಯಿಂದ 40ಕ್ಕೆ ಏರಲು ಎರಡು ಗಂಟೆ ಸಾಕು. 20 ಲೀಟರ್ ತುಂಬಿದರೆ ನಾಲ್ಕು ಗಂಟೆ, ಅಷ್ಟರಲ್ಲಿ ಬಿಸಿಲೇ ಇಳಿದಿರುತ್ತದೆ. ನೇತು ಹಾಕಿ ಕಾಯಿಸಬೇಡಿ, ಕಾದ ಬಂಡೆಯ ಮೇಲೆ ಅಗಲವಾಗಿ ಮಲಗಿಸಿ. ಸ್ನಾನ ಸಂಜೆ ಏಳಕ್ಕಲ್ಲ, ನಾಲ್ಕಕ್ಕೆ. ತಡವಾಗುತ್ತದೆ ಅಂದರೆ ಕಂಬಳಿ ಸುತ್ತಿಡಿ. ಮರೆತು ಬಿಸಿಲಲ್ಲೇ ಬಿಟ್ಟ ಚೀಲದ ನೀರು ಮೈ ಸುಡುವಷ್ಟು ಕಾದಿರಬಹುದು, ಮೊದಲು ಕೈಗೆ ಹಾಕಿ ನೋಡಿ. ಬರೀ ವಾರಾಂತ್ಯಕ್ಕೆ ಹೋಗುವವರಿಗೆ ಈ ಚೀಲ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಜಾಗ ಮತ್ತು ಬಚ್ಚಲ ನೀರು

ಹಳೇ ಸೀರೆ ಸುತ್ತಲು ಮೂರು ಮರ ಸಿಕ್ಕರೆ ಬಚ್ಚಲು ರೆಡಿ. ನಿಲ್ಲಲು ಚಪ್ಪಟೆ ಕಲ್ಲೋ ಹಲಗೆಯೋ ಇರಲಿ. ಮಣ್ಣಿನ ಮೇಲೆ ನಿಂತರೆ ಕಾಲು ಕೆಸರಾಗುತ್ತದೆ, ತೊಳೆದಷ್ಟೂ ಮತ್ತೆ ಕೆಸರು. ಕೊನೆಯ ಅರ್ಧ ಲೀಟರ್ ಹೋಗುವುದೇ ಅಲ್ಲಿ.

ಕೆರೆ, ಹಳ್ಳ, ತೊರೆಯಿಂದ ಬಚ್ಚಲು ಕನಿಷ್ಠ 60 ಮೀಟರ್ ದೂರ ಇರಬೇಕು, ಸುಮಾರು 80 ಹೆಜ್ಜೆ. ಲೇಬಲ್ಲಿನ ಮೇಲೆ ಬಯೋಡಿಗ್ರೇಡಬಲ್ ಅಂತ ಇದ್ದರೂ ಹಳ್ಳದಲ್ಲಿ ಸೋಪು ಹಚ್ಚಬಾರದು. ಅದನ್ನು ಚೆನ್ನಾಗಿ ಕರಗಿಸುವುದು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು. ಹಳ್ಳದಲ್ಲಿ ಕರಗುವ ಮೊದಲೇ ಮೀನಿನ ಕಿವಿರಿಗೆ, ಕಪ್ಪೆಯ ಚರ್ಮಕ್ಕೆ ತಗಲುತ್ತದೆ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ನೀರು ಬಾಳೆ ಬುಡಕ್ಕೋ ಕೆಸುವಿನ ಗಿಡಕ್ಕೋ ಹೋಗುತ್ತದಲ್ಲ, ಕ್ಯಾಂಪಿನಲ್ಲೂ ಅದೇ ದಾರಿ. ಒಂದು ಗೇಣು ಆಳದ ಗುಂಡಿ ತೋಡಿ ಮಣ್ಣಿಗೇ ಬಿಡಿ, ಹೊರಡುವಾಗ ಮುಚ್ಚಿ.

ಉಣುಗು ಹುಡುಕುವ ಹೊತ್ತು

ಮಲೆನಾಡಿನ ಕಾಡಿನಂಚಿನಲ್ಲಿ ಕ್ಯಾಂಪ್ ಆದರೆ ಸ್ನಾನಕ್ಕೆ ಇನ್ನೊಂದು ಕಾರಣವಿದೆ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಕಡೆ ಮೊದಲು ಗುರುತಿಸಿದ ಕಾಯಿಲೆ ಅದು. ಡಿಸೆಂಬರಿನಿಂದ ಮೇ ತನಕ ಅದರ ಕಾಲ, ನಮ್ಮ ಕ್ಯಾಂಪುಗಳ ಕಾಲವೂ ಅದೇ. ಮಂಗ ಸತ್ತ ಸುದ್ದಿ ಇರುವ ಕಡೆ ಕ್ಯಾಂಪೇ ಬೇಡ.

ಕಚ್ಚಿಕೊಂಡ ಉಣುಗು ನೀರಿಗೆ ಬಿದ್ದು ಹೋಗುವುದಿಲ್ಲ. ಆದರೆ ಬಟ್ಟೆ ತೆಗೆದು ಮೈ ನೋಡಿಕೊಳ್ಳುವ ಹೊತ್ತು ಸ್ನಾನ ಒಂದೇ. ಮಂಡಿಯ ಹಿಂದೆ, ಕಂಕುಳು, ಸೊಂಟಪಟ್ಟಿಯ ಸುತ್ತ, ಕಿವಿಯ ಹಿಂದೆ, ಕೂದಲ ಬುಡದಲ್ಲಿ ಬೆಳಕಿರುವಾಗಲೇ ಹುಡುಕಿ. ಸಿಕ್ಕರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಕುಟ್ಟಬೇಡಿ. ಆಮೇಲೆ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಹೇಳಲೇಬೇಕು.

ಕಾಲಲ್ಲಿ ಗಾಯ ಇದ್ದವರು ನಿಂತ ನೀರಿಗೆ ಇಳಿಯಬೇಡಿ, ಇಲಿ ಜ್ವರ ಬರುವುದು ಆ ದಾರಿಯಿಂದಲೇ.

ಹತ್ತಿರದಲ್ಲಿ ತೊರೆ ಇದ್ದರೆ

ಆಗ ಲೆಕ್ಕ ಪೂರ್ತಿ ಬದಲಾಗುತ್ತದೆ, ಒಂದು ಉದಾಹರಣೆ ಬಿಡಿಸೋಣ. ಆರು ಜನ, ಮೂರು ದಿನ, ತೊರೆ 400 ಮೀಟರ್ ದೂರ. 18 ಪಾಲಿಗೆ ಎಲ್ಲ ನೀರೂ ಊರಿಂದ ಒಯ್ದರೆ ಸ್ನಾನ ಬಿಟ್ಟೇ 208 ಲೀಟರ್, ಹನ್ನೊಂದು ಕ್ಯಾನ್. ಒಂದು ಕಾರಿಗೆ ಆಗದ ಮಾತು. ಕುಡಿಯುವುದು, ಅಡುಗೆ ಎರಡಕ್ಕೆ ಮಾತ್ರ ಒಯ್ದರೆ 108, ಚೆಲ್ಲುವುದನ್ನೂ ಸೇರಿಸಿ ಆರು ಕ್ಯಾನ್ ಸಾಕು. ಕಮ್ಮಿ ಬಿದ್ದರೆ ತೊರೆಯ ನೀರು ಸೋಸಿ ಒಂದು ನಿಮಿಷ ಕೊತಕೊತ ಕುದಿಸಿ. 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಬೇಕು, ಆದರೆ ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್ ಆಸುಪಾಸು. ಕರ್ನಾಟಕದ ಯಾವ ಬೆಟ್ಟದ ಮೇಲಾದರೂ ಒಂದು ನಿಮಿಷವೇ ಸಾಕು.

ಕೈ, ಪಾತ್ರೆಗೆ ತೊರೆಯಿಂದ 81 ಲೀಟರ್. ಪಾತ್ರೆಯ ಕೊನೆಯ ಸುತ್ತು, ಹಲ್ಲುಜ್ಜುವುದು ಎರಡಕ್ಕೂ ಕುದಿಸಿದ್ದೇ ಇರಲಿ. ಆರು ಜನರಿಗೆ ಎರಡೆರಡು ಸ್ನಾನಕ್ಕೆ 60. ಒಟ್ಟು 141, ಮೇಲಿನ ಒಂದು ಲೀಟರ್ ಬಿಟ್ಟುಬಿಡಿ. ಹತ್ತು ಲೀಟರಿನ ಕ್ಯಾನ್‌ನಲ್ಲಿ ಹದಿನಾಲ್ಕು ಸಲ, ಹೋಗಿ ಬರುವುದು 800 ಮೀಟರ್ ಅಂದರೆ 11 ಕಿಲೋಮೀಟರಿಗೂ ಜಾಸ್ತಿ ನಡಿಗೆ. ಎರಡೂ ಕೈಯಲ್ಲಿ ಒಂದೊಂದು ಕ್ಯಾನ್ ಹಿಡಿದರೆ ಏಳು ಸುತ್ತು. ಆರು ಜನಕ್ಕೆ ಹಂಚಿದರೆ ತಲೆಗೊಂದು ಸುತ್ತು, ಒಬ್ಬರಿಗೆ ಮಾತ್ರ ಎರಡು. ಆ ಒಬ್ಬರು ಯಾರು ಅನ್ನುವುದನ್ನು ಹೊರಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ.