ವಾರವಾರ ತೊಳೆದರೂ ಗೋಲ್ಡ್‌ಫಿಶ್ ಬಾಲ ಹರಿಯುವುದೇಕೆ?

ಪ್ರಶ್ನೆ: "ನಮ್ಮನೇಲಿ ಎರಡು ಗೋಲ್ಡ್‌ಫಿಶ್ ಇವೆ ಸರ್. ಒಂದರ ಬಾಲದ ತುದಿ ಬೆಳ್ಳಗಾಗಿ ಹರಿದುಕೊಂಡು ಹೋಗ್ತಿದೆ. ನಾವು ತುಂಬಾ ಕ್ಲೀನು. ಪ್ರತಿ ಭಾನುವಾರ ಮೀನನ್ನ ಬಕೆಟ್ಟಿಗೆ ಹಾಕಿ, ಟ್ಯಾಂಕು, ಕಲ್ಲು, ಫಿಲ್ಟರು ಎಲ್ಲಾ ತಿಕ್ಕಿ ತೊಳೆದು ಹೊಸ ನೀರು ತುಂಬಿಸ್ತೀವಿ. ಅಂಗಡಿಯವರು ನೀಲಿ ಔಷಧಿ ಕೊಟ್ಟಿದ್ದಾರೆ. ಎಷ್ಟು ಹನಿ ಹಾಕಬೇಕು?"

ಹನಿ ಲೆಕ್ಕ ಬೇಡ. ಬಾಟಲಿ ಮುಚ್ಚಿ ಪಕ್ಕಕ್ಕಿಡಿ.

ಊರು, ಹೆಸರು ಬದಲಿಸಿಕೊಂಡು ಇದೇ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. "ನಾವು ತುಂಬಾ ಕ್ಲೀನು" ಎಂಬ ಸಾಲು ಮಾತ್ರ ಎಂದೂ ತಪ್ಪುವುದಿಲ್ಲ. ನಿಮ್ಮ ಮೀನಿನ ಕಾಯಿಲೆಯ ಮೂಲ ಆ ಭಾನುವಾರದ ತೊಳೆಯಾಟದಲ್ಲೇ ಇದೆ. ಹೀಗೆಂದರೆ ಕೆಲವರಿಗೆ ಸಿಟ್ಟು ಬರುತ್ತದೆ, ಕೆಲವರು "ಹಾಗಾದ್ರೆ ಗಲೀಜಲ್ಲೇ ಇಡಬೇಕಾ?" ಎನ್ನುತ್ತಾರೆ. ಇಡಬೇಡಿ. ಆದರೆ ಗಲೀಜು ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ಗಾಜಿಗೆ ಅಂಟಿದ ಪಾಚಿ, ಸ್ಪಾಂಜಿನ ಕಂದು ಲೋಳೆ ನಮ್ಮ ಕಣ್ಣಿಗೆ ಹೇಸಿಗೆ. ಮೀನಿಗೆ ಅದರಿಂದ ಏನೂ ಆಗುವುದಿಲ್ಲ. ಮೀನನ್ನು ಸುಡುವುದು ಅಮೋನಿಯಾ. ತಿಂದ ಆಹಾರದ ಪ್ರೋಟೀನಿನಿಂದ ಹುಟ್ಟುವ ಈ ತ್ಯಾಜ್ಯವನ್ನು ಮೀನು ಬಹುಪಾಲು ಕಿವಿರಿನ ಮೂಲಕವೇ ಹೊರಹಾಕುತ್ತದೆ. ಟ್ಯಾಂಕಿನ ನೀರಿನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಫಳಫಳ ಹೊಳೆಯುವ ನೀರಿನಲ್ಲೇ ಮೀನು ಸಾಯುವಷ್ಟು ಅಮೋನಿಯಾ ಇರಬಹುದು.

ಟ್ಯಾಂಕಿನೊಳಗೆ ಇದನ್ನು ನಿಭಾಯಿಸುವುದು ಬ್ಯಾಕ್ಟೀರಿಯಾ. ನೈಟ್ರೊಸೊಮೊನಾಸ್‌ನಂಥವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ನೈಟ್ರೊಸ್ಪೈರಾದಂಥವು ಅದನ್ನು ನೈಟ್ರೇಟಿಗೆ ತಿರುಗಿಸುತ್ತವೆ, ಅದನ್ನು ಮೀನು ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡಿಕೊಂಡಿರುವುದು ಕಡಿಮೆ. ಅವು ಮನೆ ಮಾಡಿಕೊಳ್ಳುವುದು ಕಲ್ಲಿನ ಮೇಲೆ, ಗಾಜಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಾಂಜಿನಲ್ಲಿ. ಅಂದರೆ ನೀವು ಬ್ರಷ್ ಹಿಡಿದು ತಿಕ್ಕುವ ಜಾಗದಲ್ಲೇ. ಹೊಸ ಟ್ಯಾಂಕಿನಲ್ಲಿ ಅವು ಸಾಕಷ್ಟು ಬೆಳೆಯಲು 4ರಿಂದ 6 ವಾರ ಬೇಕು. ನೀವು 7 ದಿನಕ್ಕೊಮ್ಮೆ ತೊಳೆದು ಚರಂಡಿಗೆ ಬಿಡುತ್ತಿದ್ದೀರಿ. ಅಲ್ಲಿಗೆ ನಿಮ್ಮ ಟ್ಯಾಂಕು ಎಷ್ಟು ವರ್ಷ ಹಳೆಯದಾದರೂ ಲೆಕ್ಕಕ್ಕೆ ಯಾವಾಗಲೂ ಹೊಸದೇ.

ತೊಳೆದ ಮೇಲೆ ತುಂಬಿಸುವ ನೀರಿನ ಕತೆ ಬೇರೆ. ಬೆಂಗಳೂರಿನವರು ನಲ್ಲಿಯ ಕಾವೇರಿ ನೀರನ್ನು ಹಾಗೇ ಹಿಡಿದು ಸುರಿದರೆ ಕ್ಲೋರಿನ್ ಕಿವಿರನ್ನೂ ಸುಡುತ್ತದೆ, ಉಳಿದ ಬ್ಯಾಕ್ಟೀರಿಯಾವನ್ನೂ ಮುಗಿಸುತ್ತದೆ. "ನಮ್ಮದು ಬೋರ್‌ವೆಲ್, ಕ್ಲೋರಿನ್ನೇ ಇಲ್ಲ" ಎನ್ನುವವರು ಬೀಗುವುದು ಬೇಡ. ಗಡಸು ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಪಿಎಚ್ 7 ಇದ್ದದ್ದು 8ಕ್ಕೆ ಏರಿದರೆ, ಇರುವಷ್ಟೇ ಅಮೋನಿಯಾದಲ್ಲಿ ವಿಷರೂಪದ ಪಾಲು ಹೆಚ್ಚುಕಡಿಮೆ 10 ಪಟ್ಟಾಗುತ್ತದೆ. ಜೊತೆಗೆ ಬಲೆಯಲ್ಲಿ ಹಿಡಿಯುವಾಗ ತಾಗುವ ಗಾಯ, ಬಕೆಟ್ಟಿನ ನೀರಿಗೂ ಟ್ಯಾಂಕಿನ ನೀರಿಗೂ ಇರುವ ತಣ್ಣಗೆ-ಬೆಚ್ಚಗೆ ವ್ಯತ್ಯಾಸ. ಇಷ್ಟೆಲ್ಲ ಆದಮೇಲೆ ಮೈಮೇಲಿನ ರಕ್ಷಣೆಯ ಲೋಳೆ ಹರಿದು, ಏರೊಮೊನಾಸ್, ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ರೆಕ್ಕೆಗೆ ಹತ್ತುತ್ತವೆ. ಇವು ಯಾವ ಟ್ಯಾಂಕಿನಲ್ಲಾದರೂ ಇರುವಂಥವೇ. ಗಟ್ಟಿಮುಟ್ಟಾದ ಮೀನನ್ನು ಸುಮ್ಮನೆ ಬಿಡುತ್ತವೆ, ಸೋತ ಮೀನನ್ನು ಹಿಡಿಯುತ್ತವೆ. ಫಿನ್ ರಾಟ್ ಅಂದರೆ ಇದೇ.

ಈ ಹಂತದಲ್ಲಿ ಬರುವ ಪಾಟೀಸವಾಲೂ ನನಗೆ ಬಾಯಿಪಾಠ: "ಪಕ್ಕದ ಮನೆಯವರು ಹೀಗೇ ಮಾಡ್ತಾರೆ, ಅವರ ಮೀನು ಚೆನ್ನಾಗೇ ಇದೆ." ಎಷ್ಟು ದಿನದಿಂದ? ಕೇಳಿದರೆ "ಎಂಟು ತಿಂಗಳಾಯ್ತು" ಅನ್ನುತ್ತಾರೆ. ಗೋಲ್ಡ್‌ಫಿಶ್ ಕಾರ್ಪ್ ಕುಲದ ಮೀನು, ಬಹಳ ಗಟ್ಟಿ ಜೀವ. ಚೆನ್ನಾಗಿ ಸಾಕಿದರೆ 10-15 ವರ್ಷ ಬದುಕುತ್ತದೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಎಂಬ ಗೋಲ್ಡ್‌ಫಿಶ್ 1999ರವರೆಗೆ, 43 ವರ್ಷ ಬದುಕಿತ್ತು. ಎಂಟು ತಿಂಗಳು ಉಳಿದದ್ದನ್ನು ಆರೋಗ್ಯದ ಸರ್ಟಿಫಿಕೇಟು ಅಂತ ತೋರಿಸಬೇಡಿ.

ಸರಿ, ಮಾಡಬೇಕಾದ್ದೇನು? ವಾರಕ್ಕೊಮ್ಮೆ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ನೀರು ತೆಗೆಯಿರಿ. ಪೈಪಿನ ತುದಿಯನ್ನು ಕಲ್ಲಿನೊಳಗೆ ಆಡಿಸಿ ತಳದ ಕಸವನ್ನು ಎಳೆಯಿರಿ. ಮೀನು ಟ್ಯಾಂಕಿನಲ್ಲೇ ಇರಲಿ, ಬಕೆಟ್ಟಿನ ಸಹವಾಸ ಬೇಡ. ಫಿಲ್ಟರಿನಲ್ಲಿ ನೀರು ಹರಿಯುವುದು ಕಮ್ಮಿಯಾದಾಗ ಮಾತ್ರ ಸ್ಪಾಂಜನ್ನು ತೆಗೆದು, ಆಗಷ್ಟೇ ಹೊರತೆಗೆದ ಟ್ಯಾಂಕಿನ ನೀರಿನಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ. ನಲ್ಲಿ ಕೆಳಗೆ ಹಿಡಿಯಬೇಡಿ, ಸೋಪಂತೂ ಮುಟ್ಟಿಸಲೇಬೇಡಿ. ನಲ್ಲಿ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು ಬಳಸಿ, ಇಲ್ಲವೇ ಆಂಟಿ-ಕ್ಲೋರಿನ್ ಹಾಕಿ. ಅಮೆರಿಕದಲ್ಲಿರುವ ಓದುಗರಿಗೆ ಒಂದು ಮಾತು: ಅಲ್ಲಿನ ಎಷ್ಟೋ ನಗರಗಳ ನೀರಿನಲ್ಲಿ ಕ್ಲೋರಮೈನ್ ಇರುತ್ತದೆ, ಒಂದು ದಿನ ಬಿಟ್ಟರೆ ಅದು ಹೋಗುವುದಿಲ್ಲ, ಅದನ್ನು ತೆಗೆಯುವ ವಾಟರ್ ಕಂಡಿಷನರ್ ಬೇಕೇ ಬೇಕು.

ಟ್ಯಾಂಕಿನ ಗಾತ್ರದ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಯಾರೂ ಕೇಳುವುದಿಲ್ಲ: ಗುಂಡಗಿನ ಬೌಲು ಬೇಡ. ಒರಾಂಡಾ, ರೆಡ್ ಕ್ಯಾಪ್‌ನಂಥ ಗೋಲ್ಡ್‌ಫಿಶ್ ತಳಿಗಳಾದರೆ ಮೊದಲ ಮೀನಿಗೆ 75 ಲೀಟರ್, ಆಮೇಲೆ ತಲಾ 40 ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಊಟ ಎರಡು ಹೊತ್ತು, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಅನ್ನ, ಬ್ರೆಡ್ಡು, ಮಂಡಕ್ಕಿ ಹಾಕಬೇಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಏರ್ ಪಂಪ್ ನಿಲ್ಲಿಸಲೇಬಾರದು, ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ.

ಈಗ ಬಾಲ ನೋಡೋಣ. ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಟ್ಯಾಂಕಿನ ಹಿಂದಿನಿಂದ ಹಿಡಿಯಿರಿ. ಬಾಲದೊಳಗಿನ ಕಡ್ಡಿಗಳು, ನಡುವಿನ ತೆಳುಪೊರೆ ಎರಡೂ ಸ್ಪಷ್ಟ ಕಾಣುತ್ತವೆ. ಫಿನ್ ರಾಟ್ ಆದರೆ ಅಂಚು ಹಾಲುಬಿಳಿಯಾಗಿ ಮಂಕಾಗಿರುತ್ತದೆ, ಪೊರೆ ಮೊದಲು ಕರಗಿ ಕಡ್ಡಿಗಳು ಬಾಚಣಿಗೆಯ ಹಲ್ಲಿನ ಹಾಗೆ ಉಳಿಯುತ್ತವೆ, ದಿನದಿಂದ ದಿನಕ್ಕೆ ಅದು ಬುಡದತ್ತ ಸರಿಯುತ್ತದೆ. ಕಲ್ಲಿಗೋ ಪ್ಲಾಸ್ಟಿಕ್ ಗಿಡಕ್ಕೋ ಸಿಕ್ಕಿ ಹರಿದದ್ದಾದರೆ ಒಂದೇ ಕಡೆ ನೇರ ಸೀಳು, ಅಂಚು ಚೊಕ್ಕ. ನೀರು ಸರಿಯಿದ್ದರೆ ತಾನೇ ಕೂಡುತ್ತದೆ. ರೆಕ್ಕೆಯಲ್ಲಿ ಕೆಂಪು ನರಗಳು ಎದ್ದು ಕಂಡರೆ ಮೊದಲು ಅಮೋನಿಯಾ, ನೈಟ್ರೈಟ್ ಪರೀಕ್ಷಿಸಿ. ಎರಡೂ ಸೊನ್ನೆ ಇರಬೇಕು. ಅಂಚು ಕಪ್ಪಾಗಿದ್ದರೆ ಅದು ಹೆಚ್ಚಾಗಿ ಗಾಯ ಮಾಯುತ್ತಿರುವ ಗುರುತು. ಮೈತುಂಬ ಉಪ್ಪಿನ ಕಾಳು ಉದುರಿಸಿದಂತೆ ಬಿಳಿ ಚುಕ್ಕೆಗಳಿದ್ದರೆ ಅದು ಇಕ್, ಬೇರೆ ಕಾಯಿಲೆ. ಚುಕ್ಕೆಗಳು ಕಿವಿರು ಮುಚ್ಚಳದ ಮೇಲೆ ಮತ್ತು ಎದೆರೆಕ್ಕೆಯ ಮುಂದಿನ ಕಡ್ಡಿಯ ಮೇಲೆ ಮಾತ್ರ ಸಾಲಾಗಿದ್ದರೆ ಗಾಬರಿ ಬೇಡ, ನಿಮ್ಮ ಮೀನು ಪ್ರಾಯಕ್ಕೆ ಬಂದ ಗಂಡು. ಎಷ್ಟು ಗಂಡು ಮೀನುಗಳು ಈ ತಪ್ಪಿಗೆ ಔಷಧಿ ಕುಡಿದಿವೆಯೋ!

ಫಿನ್ ರಾಟ್ ಹೌದಾದರೆ ಒಂದು ವಾರ ದಿನಾ ಕಾಲುಭಾಗ ನೀರು ಬದಲಿಸಿ. ಕಲ್ಲುಪ್ಪು ಲೀಟರಿಗೆ 1ರಿಂದ 2 ಗ್ರಾಂ, ಮಗ್ಗಿನಲ್ಲಿ ಕರಗಿಸಿ ಒಂದು ದಿನದಲ್ಲಿ ಎರಡು ಮೂರು ಕಂತಿನಲ್ಲಿ ಹಾಕಿ. ಉಪ್ಪು ಆವಿಯಾಗುವುದಿಲ್ಲ. ಹಾಗಾಗಿ ಮುಂದೆ ತೆಗೆದ ನೀರಿನ ಲೆಕ್ಕಕ್ಕಷ್ಟೇ ಸೇರಿಸಿ. ಟ್ಯಾಂಕಿನಲ್ಲಿ ನಿಜವಾದ ಗಿಡವಿದ್ದರೆ ಮೀನನ್ನು ಬೇರೆ ಟಬ್ಬಿಗೆ ಹಾಕಿ ಉಪ್ಪು ಕೊಡಿ. ನಿಮ್ಮ ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಬೂಷ್ಟಿಗೆ ಒಳ್ಳೆಯದು. ಆದರೆ ಟ್ಯಾಂಕಿಗೆ ಸುರಿದರೆ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ಪೆಟ್ಟು. ಮೆಡಿಕಲ್ ಶಾಪಿನ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಹಾಕುವವರೂ ಇದ್ದಾರೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಹಿಡಿದು ಕಟ್ಟಿಹಾಕುತ್ತವೆ, ನಿಮ್ಮ ಬೋರ್‌ವೆಲ್ ನೀರಿನಲ್ಲಿ ದುಡ್ಡು ದಂಡ. ಕೊಳೆಯುವುದು ಬಾಲದ ಬುಡದವರೆಗೂ ಮುಟ್ಟಿದ್ದರೆ, ಮೀನು ಊಟ ಬಿಟ್ಟಿದ್ದರೆ ಮಾತ್ರ ಆ್ಯಂಟಿಬಯಾಟಿಕ್ ಮಾತು, ಅದೂ ಪಶುವೈದ್ಯರನ್ನು ಕೇಳಿ.

ಗುಣವಾಗುವಾಗ ಅಂಚಿನಲ್ಲಿ ಬಣ್ಣವಿಲ್ಲದ, ಆರಪಾರ ಕಾಣುವ ಹೊಸ ಪೊರೆ ಬೆಳೆಯುತ್ತದೆ. ಅದನ್ನೇ ನೋಡಿ "ಮತ್ತೆ ಬೆಳ್ಳಗಾಯ್ತು" ಅಂತ ಎರಡನೇ ಸುತ್ತು ಔಷಧಿ ಶುರು ಮಾಡಬೇಡಿ. ಹಾಲುಬಿಳಿ ಬೇರೆ, ಪಾರದರ್ಶಕ ಬೇರೆ. ಟಾರ್ಚ್ ಹಿಡಿದರೆ ಗೊತ್ತಾಗುತ್ತದೆ.

ನೀವು ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ತೊಳೆಯುವುದು ನಿಲ್ಲಿಸಿ ಅಂದ ಕೂಡಲೇ ಅನೇಕರು ಅಂಗಡಿಗೆ ಓಡಿ "ಟ್ಯಾಂಕ್ ಕ್ಲೀನರ್" ಅಂತ ಕಪ್ಪು ಸಕ್ಕರ್ ಮೀನು ತರುತ್ತಾರೆ. ಅದು ಅಲ್ಪಸ್ವಲ್ಪ ಪಾಚಿ ತಿನ್ನುತ್ತದೆ ನಿಜ, ಆದರೆ ತಾನೂ ರಾಶಿ ಹಿಕ್ಕೆ ಹಾಕುತ್ತದೆ. ಹೊಟ್ಟೆ ತುಂಬದಿದ್ದರೆ ರಾತ್ರಿ ನಿಧಾನಗತಿಯ ಗೋಲ್ಡ್‌ಫಿಶ್‌ನ ಮೈಗೇ ಬಾಯಿ ಅಂಟಿಸಿ ಲೋಳೆ ಹೀರುತ್ತದೆ. ಬೆಳಿಗ್ಗೆ ಮೈಮೇಲೆ ಗಾಯ, ಮತ್ತೆ ಅದೇ ರೆಕ್ಕೆ ಕೊಳೆತ. ಬೆರಳುದ್ದ ತಂದದ್ದು ಒಂದು ಅಡಿ ದಾಟಿ ಬೆಳೆಯುತ್ತದೆ. ಆಗ ಜನ ಅದನ್ನು ಪುಣ್ಯದ ಕೆಲಸವೆಂದುಕೊಂಡು ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. ಅದರ ಮೂಲ ದಕ್ಷಿಣ ಅಮೆರಿಕ. ನಮ್ಮ ನೀರಿನಲ್ಲಿ ಸಂಸಾರ ಹೂಡಿ, ಮೊಟ್ಟೆ ಇಡಲು ದಂಡೆಯನ್ನು ಕೊರೆಯುತ್ತದೆ, ಮುಳ್ಳಿನಿಂದ ಮೀನುಗಾರರ ಬಲೆ ಹರಿಯುತ್ತದೆ. ದಕ್ಷಿಣ ಭಾರತದ ಹಲವು ಕಡೆ ಇದು ಈಗಾಗಲೇ ತಲೆನೋವು. ಗೋಲ್ಡ್‌ಫಿಶ್‌ಗೂ ಇದೇ ಮಾತು, ಕೆರೆಗೂ ದೇವಸ್ಥಾನದ ಕಲ್ಯಾಣಿಗೂ ಬಿಡಬೇಡಿ. ಸಕ್ಕರ್ ಈಗಾಗಲೇ ತಂದಿದ್ದರೆ ದುಡ್ಡಿನ ಆಸೆ ಬಿಟ್ಟು ಅಂಗಡಿಗೇ ವಾಪಸ್ ಕೊಡಿ. ಅವರು ಬೇಡವೆಂದರೆ ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ದೊಡ್ಡ ಟ್ಯಾಂಕ್ ಇಟ್ಟವರು ಒಬ್ಬರಾದರೂ ಸಿಗುತ್ತಾರೆ.