ಹತ್ತಿರದ ಕೆರೆಯ ಹಕ್ಕಿಗಳು: ಹಸಿರು ಹವ್ಯಾಸವನ್ನು ಆರಿಸುವ ಬಗ್ಗೆ ಅಧ್ಯಯನ ಟಿಪ್ಪಣಿ

ಪರಿಸರಸ್ನೇಹಿ ಹವ್ಯಾಸಗಳನ್ನು ಹೆಸರಿಸಿ ಎಂದರೆ ಕೈತೋಟ, ಸೈಕಲ್ ಸವಾರಿ, ಚಾರಣ, ಹಕ್ಕಿ ವೀಕ್ಷಣೆ ಎಂದು ಎಲ್ಲರೂ ಬರೆಯುತ್ತೇವೆ. ಹೆಸರು ನೋಡಿಯೇ ತೀರ್ಪು ಕೊಡುವ ಈ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಅಲ್ಲಿಗೆ ಹೇಗೆ ಹೋಗುತ್ತೇವೆ, ಅದಕ್ಕಾಗಿ ಏನು ಕೊಳ್ಳುತ್ತೇವೆ, ಅಲ್ಲಿ ಬದುಕುವ ಜೀವಿಗಳಿಗೆ ಎಷ್ಟು ತೊಂದರೆ ಕೊಡುತ್ತೇವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಯಾವ ಹವ್ಯಾಸವನ್ನೂ ಹಸಿರು ಎನ್ನಲಾಗದು. ನಾನು ಕಲಿಯುತ್ತಿರುವ ಹಕ್ಕಿ ವೀಕ್ಷಣೆಯನ್ನೇ ಈ ಪ್ರಶ್ನೆಗಳ ಮುಂದೆ ನಿಲ್ಲಿಸಿ ನೋಡೋಣ.

ಪ್ರಯಾಣದ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಈ ಒಂದು ಅಂಕಿ ನೆನಪಿದ್ದರೆ ಉಳಿದದ್ದು ಗುಣಾಕಾರ. ಬೆಂಗಳೂರಿನಿಂದ ರಂಗನತಿಟ್ಟಿಗೆ ಹೋಗಿಬರಲು ಹೆಚ್ಚುಕಡಿಮೆ 250 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಾದರೆ ಸುಮಾರು 17 ಲೀಟರ್ ಬೇಕು, ಅಂದರೆ 39 ಕಿಲೋ. ಒಬ್ಬರೇ ಹೋದರೆ ಅಷ್ಟೂ ಅವರ ಪಾಲು. ನಾಲ್ವರು ಕೂಡಿ ಹೋದರೆ ತಲೆಗೆ 10 ಕಿಲೋ. ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಇಳಿದರೆ ಪಕ್ಷಿಧಾಮ ಅಲ್ಲಿಂದ ಕೆಲವೇ ಕಿಲೋಮೀಟರ್. ಇನ್ನು ಮನೆಯಿಂದ ನಡೆದು ಊರ ಕೆರೆಗೆ ಹೋಗುವವರಿಗೆ ಲೆಕ್ಕವೇ ಬೇಕಿಲ್ಲ.

ರಂಗನತಿಟ್ಟಿಗೆ ಹೋಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಬೆಲೆಕೊಟ್ಟು 1940ರಲ್ಲಿ ಮೈಸೂರು ಸಂಸ್ಥಾನ ಪಕ್ಷಿಧಾಮವಾಗಿ ಘೋಷಿಸಿದ ಜಾಗ ಅದು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ವರ್ಷಕ್ಕೊಮ್ಮೆ ನೋಡಬೇಕಾದ ಜಾಗ. ಆದರೆ ಪ್ರತಿ ಭಾನುವಾರ ಹೊಸ ಹಕ್ಕಿಯನ್ನು ಹುಡುಕಿಕೊಂಡು ನೂರಾರು ಕಿಲೋಮೀಟರ್ ಕಾರು ಓಡಿಸುವುದು ಬೇರೆಯೇ ಹವ್ಯಾಸ.

ಸಲಕರಣೆ

ಇಲ್ಲಿ ಹೆಚ್ಚು ಹೇಳುವುದಿಲ್ಲ. ದುರ್ಬೀನಿನ ಮೇಲೆ 8x42 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ವ್ಯಾಸ 42 ಮಿಲಿಮೀಟರ್ ಎಂದರ್ಥ. ದೊಡ್ಡ ಸಂಖ್ಯೆಯೇ ಒಳ್ಳೆಯದೆಂದು ಹೊಸಬರು ಭಾವಿಸುತ್ತಾರೆ. ವಾಸ್ತವದಲ್ಲಿ ಪಟ್ಟು ಹೆಚ್ಚಿದಷ್ಟೂ ಕೈನಡುಕ ಹೆಚ್ಚು ಕಾಣುತ್ತದೆ, ನೋಟದ ಹರವು ಕಿರಿದಾಗುತ್ತದೆ. ಎಂಟು ಪಟ್ಟು ಧಾರಾಳವಾಗಿ ಸಾಕು. ಬಳಸಿದ್ದನ್ನು ಕೊಳ್ಳಿ, ಇಬ್ಬರು ಹಂಚಿಕೊಳ್ಳಿ.

ಹಕ್ಕಿಗೆ ಆಗುವ ತೊಂದರೆ

ಮೂರನೆಯ ಪ್ರಶ್ನೆ ನನಗೆ ಅರ್ಥವಾಗಲು ಒಂದು ಗೂಡು ಹಾಳಾಗಬೇಕಾಯಿತು. ಮನೆಯ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಸಂಭ್ರಮದಿಂದ ದಿನಕ್ಕೆ ಮೂರು ನಾಲ್ಕು ಸಲ ಎಲೆ ಸರಿಸಿ ಇಣುಕಿದೆ. ಮರಿಗಳಾದ ಮೂರನೆಯ ದಿನ ಕಾಗೆ ಬಂದು ಗೂಡು ಬರಿದಾಯಿತು. ನಾನು ಪದೇಪದೇ ಎಲ್ಲಿಗೆ ಹೋಗುತ್ತಿದ್ದೇನೆಂದು ಅದು ನೋಡುತ್ತಿತ್ತೆಂದೇ ಇಂದಿಗೂ ನಂಬಿದ್ದೇನೆ. ಗೂಡಿಗೆ ಮರೆಯಾಗಿರುವ ಎಲೆ ಮರಿಗಳಿಗೆ ನೆರಳೂ ಹೌದು, ಬೇಲಿಯೂ ಹೌದು. ಫೋಟೋಕ್ಕಾಗಿ ಅದನ್ನು ಕತ್ತರಿಸಿದರೆ ಎರಡೂ ಹೋಗುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ‘ಬೇಟೆ’ ಎಂಬ ಪದದ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡನ್ನು ಕದಡುವುದೂ ಸೇರಿದೆ ಎಂಬುದನ್ನು ಗಮನಿಸಿ.

ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹೊರಗೆಳೆಯುವುದು ಇನ್ನೊಂದು. ಗಂಡುಹಕ್ಕಿಗೆ ಅದು ತನ್ನ ಸರಹದ್ದಿಗೆ ನುಗ್ಗಿದ ಎದುರಾಳಿಯ ದನಿ. ಮೇಯುವುದನ್ನು ಬಿಟ್ಟು, ಮರಿಗಳನ್ನು ಬಿಟ್ಟು, ಇಲ್ಲದ ಶತ್ರುವನ್ನು ಹುಡುಕುತ್ತಾ ಅಲೆಯುತ್ತದೆ. ಸುಲಭವಾಗಿ ಕಂಡಿತೆಂದು ನಾವು ಹಿಗ್ಗುವ ಆ ಐದು ನಿಮಿಷದ ಬೆಲೆಯನ್ನು ತೆರುವುದು ಅದು.

ಮನುಷ್ಯರು ಹತ್ತಿರವಿದ್ದೂ ಹಕ್ಕಿಗಳು ನೆಮ್ಮದಿಯಾಗಿರಲು ಸಾಧ್ಯವೇ ಎಂದು ಕೇಳಿದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಬೇಕು. ಊರ ನಡುವಿನ ಹುಣಸೆ, ಆಲದ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವುಗಳನ್ನು ಕಾಣುತ್ತಾರೆ. ಬಾಣಂತಿಯ ಕೋಣೆಯ ಬಳಿ ನಾವು ಹೇಗೆ ನಡೆದುಕೊಳ್ಳುತ್ತೇವೆ? ದನಿ ತಗ್ಗಿಸುತ್ತೇವೆ, ದೂರ ನಿಲ್ಲುತ್ತೇವೆ. ಹಕ್ಕಿ ನೋಡುವವರಿಗೆ ಬೇಕಾದ ನಡತೆಯ ಪಾಠವೆಲ್ಲ ಆ ಹೋಲಿಕೆಯಲ್ಲೇ ಇದೆ. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶ, ಅಂದರೆ ಊರವರೂ ಸೇರಿ ಕಾಯುವ ಸಂರಕ್ಷಿತ ಜಾಗವಾಯಿತು.

ಪಟ್ಟಿ ಬರೆಯುವ ಕ್ರಮ

ಕೇವಲ ನೋಡಿ ಸುಮ್ಮನಾಗದೆ ಬರೆದಿಟ್ಟರೆ ಈ ಹವ್ಯಾಸ ಪರಿಸರಕ್ಕೆ ಏನನ್ನಾದರೂ ಮರಳಿ ಕೊಡುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2002ರಲ್ಲಿ ಆರಂಭಿಸಿದ ಜಾಲತಾಣವಾದ ಇ-ಬರ್ಡ್‌ನಲ್ಲಿ ಯಾರು ಬೇಕಾದರೂ ತಾವು ಕಂಡ ಹಕ್ಕಿಗಳ ಪಟ್ಟಿ ಸೇರಿಸಬಹುದು. ನಮ್ಮ ದೇಶದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ 2023ರಲ್ಲಿ ಬಂದ ವರದಿ 942 ಪ್ರಭೇದಗಳನ್ನು ಪರಿಶೀಲಿಸಿ, 178ಕ್ಕೆ ಹೆಚ್ಚಿನ ಕಾಳಜಿ ಬೇಕೆಂದು ಗುರುತಿಸಿತು. ಅದಕ್ಕೆ ಆಧಾರ 30 ಸಾವಿರಕ್ಕೂ ಹೆಚ್ಚು ಹವ್ಯಾಸಿಗಳು ಬರೆದ ಸುಮಾರು 3 ಕೋಟಿ ದಾಖಲೆಗಳು.

ಹೊಸಬರು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದರೆ ಮಾತ್ರ ಅದು ಪೂರ್ಣ ಪಟ್ಟಿ. ಕಾಗೆ, ಪಾರಿವಾಳಗಳೇ ತಾನೇ ಎಂದು ಬಿಟ್ಟರೆ ಲೆಕ್ಕ ಕೆಡುತ್ತದೆ. ಏಕೆಂದರೆ ತಜ್ಞರು ನೋಡುವುದು ಒಂದು ಹಕ್ಕಿ ಎಷ್ಟು ಪಟ್ಟಿಗಳಲ್ಲಿ ಬಂದಿದೆ ಎಂಬುದನ್ನು. ಒಂದೇ ಕೆರೆಯ ಹತ್ತು ಪಟ್ಟಿಗಳಲ್ಲಿ ಒಂಬತ್ತರಲ್ಲಿ ಗೊರವಂಕ ಇದ್ದರೆ ಶೇಕಡ 90. ಕೆಲವು ವರ್ಷಗಳ ಬಳಿಕ ಅದು 50ಕ್ಕೆ ಇಳಿದರೆ ಏನೋ ಆಗಿದೆ ಎಂದರ್ಥ. ಪಟ್ಟಿಯಲ್ಲಿ ಇಲ್ಲದಿರುವುದೂ ಒಂದು ಮಾಹಿತಿ. ದಿನಾಂಕ, ಶುರುಮಾಡಿದ ಹೊತ್ತು, ಕಳೆದ ನಿಮಿಷ, ಪ್ರತಿ ಹಕ್ಕಿಯ ಸಂಖ್ಯೆ ಇಷ್ಟನ್ನು ಬರೆಯಿರಿ. ಹದಿನೈದು ನಿಮಿಷ ಸಾಕು. ಗುರುತು ಸಿಗದಿದ್ದರೆ ಊಹಿಸಿ ಬರೆಯಬೇಡಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆಯಾದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಭಾರತ 2013ರಿಂದ ಸೇರಿದೆ. ಅಭ್ಯಾಸ ಶುರುಮಾಡಲು ಅದೊಂದು ಒಳ್ಳೆಯ ನೆಪ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರ ಸೊಗಸು ಈಗ ಹೊಳೆಯಿತಲ್ಲವೇ? ಇಂಧನ ಉಳಿಯುತ್ತದೆ, ಹೋಲಿಸಿ ನೋಡಬಹುದಾದ ದಾಖಲೆ ಬೆಳೆಯುತ್ತದೆ, ಕಣ್ಣೂ ಪಳಗುತ್ತದೆ. ನಮ್ಮ ಕೆರೆಯ ಏರಿಯ ಮೇಲೆ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬರುವ ಅತಿಥಿ. ಕಳೆದ ವರ್ಷ ಅದು ತೂಬಿನ ಬಳಿ ಮೊದಲು ಕಂಡದ್ದು ಸೆಪ್ಟೆಂಬರಿನ ಎರಡನೆಯ ವಾರ. ಈ ವರ್ಷ ತಿಂಗಳ ಮೊದಲ ದಿನದಿಂದಲೇ ಬೆಳಿಗ್ಗೆ ಆರೂವರೆಗೆ ತೂಬಿನ ಹತ್ತಿರ ನಿಲ್ಲುತ್ತಿದ್ದೇನೆ. ಪುಸ್ತಕದಲ್ಲಿ ಸಿಪಿಲೆಯ ಮುಂದಿನ ಜಾಗ ಇನ್ನೂ ಖಾಲಿ ಇದೆ.