ಮೂರು ಸಾವಿರದ ಗೇಮ್ ಇನ್ನೂರಕ್ಕೆ ಹೇಗೆ ಸಿಗುತ್ತದೆ?

ಪ್ರಶ್ನೆ: ಮಗ ಸೆಕೆಂಡ್ ಪಿಯುಸಿ. ಕಂಪ್ಯೂಟರ್‌ಗೆ ಒಂದು ಗೇಮ್ ಬೇಕಂತೆ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಅದಕ್ಕೆ ಮೂರು ಸಾವಿರ ಚಿಲ್ಲರೆ. ಇನ್‌ಸ್ಟಾಗ್ರಾಮ್‌ನಲ್ಲಿ ಯಾರೋ ಅದನ್ನೇ ಇನ್ನೂರು ರೂಪಾಯಿಗೆ ಕೊಡುತ್ತಾರೆ, ಫ್ರೆಂಡ್ಸ್ ತಗೊಂಡು ಆಡುತ್ತಿದ್ದಾರೆ ಅನ್ನುತ್ತಾನೆ. ಇದು ಮೋಸವಾ? ಮೋಸವಾದರೆ ಕಡಿಮೆ ದುಡ್ಡಿಗೆ ತಗೊಳ್ಳುವ ಸರಿಯಾದ ದಾರಿ ಯಾವುದು?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಫ್ರೆಂಡ್ಸ್ ಆಡುತ್ತಿರುವುದು ನಿಜವೇ ಇರಬಹುದು. ದುಡ್ಡು ಕೊಟ್ಟ ಯಾರಿಗೂ ಏನೂ ಸಿಗದಿದ್ದರೆ ಈ ವ್ಯಾಪಾರ ಇಷ್ಟು ದಿನ ನಡೆಯುತ್ತಿರಲಿಲ್ಲ. ಆದರೆ ಅವರಿಗೆ ಸಿಕ್ಕಿರುವುದು ಗೇಮ್ ಅಲ್ಲ, ಇನ್ನೊಬ್ಬರ ಅಕೌಂಟಿನ ಪಾಸ್‌ವರ್ಡ್.

ಮಾರುವವನು ಒಂದು ಅಕೌಂಟ್ ತೆರೆದು ಗೇಮನ್ನು ಒಂದೇ ಸಲ ಕೊಳ್ಳುತ್ತಾನೆ. ಆಮೇಲೆ ಅದೇ ಯೂಸರ್‌ನೇಮ್, ಪಾಸ್‌ವರ್ಡನ್ನು ಹತ್ತಾರು ಜನಕ್ಕೆ ಮಾರುತ್ತಾನೆ. ಕೊಂಡವನು ಲಾಗಿನ್ ಆಗಿ ಡೌನ್‌ಲೋಡ್ ಮಾಡಿ, ಸ್ಟೀಮನ್ನು ಆಫ್‌ಲೈನ್ ಮೋಡ್‌ಗೆ ಹಾಕಿ ಆಡಬೇಕು. ಜಾಹೀರಾತಿನಲ್ಲಿ ಇದಕ್ಕೆ ‘ಆಫ್‌ಲೈನ್ ಆಕ್ಟಿವೇಶನ್’ ಎಂಬ ಗಂಭೀರವಾದ ಹೆಸರು. ಸ್ಟೀಮ್‌ನ ಒಪ್ಪಂದದ ಪ್ರಕಾರ ಅಕೌಂಟ್ ಮಾರುವಂತಿಲ್ಲ, ಪಾಸ್‌ವರ್ಡ್ ಹಂಚುವಂತಿಲ್ಲ. ಕಂಪನಿ ಯಾವತ್ತು ಬೇಕಾದರೂ ಆ ಅಕೌಂಟಿಗೆ ಬೀಗ ಹಾಕಬಹುದು. ಮಾರಿದವನೇ ಪಾಸ್‌ವರ್ಡ್ ಬದಲಿಸಿ ಕಾಣೆಯಾಗಲೂಬಹುದು. ಅಲ್ಲಿಯವರೆಗೂ ಆನ್‌ಲೈನ್ ಆಟ ಇಲ್ಲ, ಅಪ್‌ಡೇಟ್ ಬೇಕೆಂದರೆ ಮತ್ತೆ ಅವನ ವಾಟ್ಸಾಪ್‌ಗೆ ಕಾಯಬೇಕು.

ಇನ್ನು ಕೆಲವರು ಪಾಸ್‌ವರ್ಡ್ ಬದಲು ಒಂದು ಫೈಲ್ ಕಳಿಸಿ, ಆಂಟಿವೈರಸ್ ಆಫ್ ಮಾಡಿ ರನ್ ಮಾಡಿ ಅನ್ನುತ್ತಾರೆ. ಈ ಮಾತು ಬಂದ ಕೂಡಲೇ ವ್ಯವಹಾರ ನಿಲ್ಲಿಸಿ. ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್ ಆದರೆ ನಿಮ್ಮ ನೆಟ್‌ಬ್ಯಾಂಕಿಂಗ್ ನಡೆಯುವುದೂ ಅದರಲ್ಲೇ ತಾನೆ?

ಹಾಗೆ ನೋಡಿದರೆ ಸ್ಟೀಮ್‌ನಲ್ಲಿ ಪೂರ್ತಿ ದುಡ್ಡು ಕೊಟ್ಟರೂ ನಿಮಗೆ ಸಿಗುವುದು ಆಡುವ ಲೈಸೆನ್ಸ್ ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂದ ಮೇಲೆ, 2024ರಿಂದ ಕಾರ್ಟ್ ಪುಟದಲ್ಲೇ ಅವರು ಇದನ್ನು ಬರೆದುಕೊಂಡಿದ್ದಾರೆ. ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಕಳ್ಳ ಸಿಡಿ ಕೊಂಡ ತಲೆಮಾರಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಗೀರು ಬಿದ್ದರೂ ಆ ಸಿಡಿ ಮನೆಯಲ್ಲೇ ಇರುತ್ತಿತ್ತು. ಈಗ ಇರುವುದು ಒಂದು ದಾಖಲೆ. ಅದು ಯಾರ ಹೆಸರಿನಲ್ಲಿದೆ ಎಂದು ಮೊದಲು ಕೇಳಿ, ಬೆಲೆ ಆಮೇಲೆ.

ಇನ್ನೂರಕ್ಕೂ ಮೂರು ಸಾವಿರಕ್ಕೂ ನಡುವೆ ಇನ್ನೊಂದು ಸಂತೆ ಇದೆ: ಕೀ ಮಾರುವ ಜಾಲತಾಣಗಳು. ಕೀ ಎಂದರೆ ಸ್ಟೀಮ್‌ನಲ್ಲಿ ಟೈಪ್ ಮಾಡಿದರೆ ಗೇಮ್ ನಿಮ್ಮ ಅಕೌಂಟಿಗೇ ಸೇರುವ ಕೋಡ್. ಹಂಬಲ್, ಫ್ಯಾನಟಿಕಲ್, ಗ್ರೀನ್ ಮ್ಯಾನ್ ಗೇಮಿಂಗ್‌ನಂಥ ಅಂಗಡಿಗಳು ಪ್ರಕಾಶಕರಿಂದಲೇ ಕೀ ತಂದು ಮಾರುತ್ತವೆ. ಅಲ್ಲಿ ಭಯವಿಲ್ಲ. ಜಿಟುಎ, ಕಿಂಗ್ವಿನ್‌ನಂಥವು ಹಾಗಲ್ಲ. ಅವು ಮಾರುಕಟ್ಟೆ ಮಾತ್ರ, ಅಲ್ಲಿ ಮಾರುವವರು ಬೇರೆ ಯಾರೋ. ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೀ ಕೊಂಡು ಅಲ್ಲಿ ಸುರಿಯುವವರಿದ್ದಾರೆ. ಕಾರ್ಡಿನ ಮಾಲೀಕ ದೂರು ಕೊಟ್ಟಾಗ ಬ್ಯಾಂಕ್ ಹಣ ವಾಪಸ್ ಎಳೆಯುತ್ತದೆ, ಗೇಮ್ ಮಾಡಿದವರಿಗೆ ನಷ್ಟದ ಮೇಲೆ ದಂಡ, ಕೊನೆಗೆ ಆ ಕೀ ರದ್ದು. ಫ್ಯಾಕ್ಟೋರಿಯೊ ಎಂಬ ಗೇಮ್ ಮಾಡಿದ ವೂಬೆ ಸಾಫ್ಟ್‌ವೇರ್ ಕಂಪನಿ ಇದರ ಬೆನ್ನು ಹತ್ತಿತು. ಜಿಟುಎಯಲ್ಲಿ ಮಾರಾಟವಾದ ಕೀಗಳ ಪೈಕಿ 198 ಕದ್ದವು ಎಂದು ಖಚಿತವಾದ ಮೇಲೆ 2020ರಲ್ಲಿ ಜಿಟುಎ ವೂಬೆಗೆ ಸುಮಾರು 40 ಸಾವಿರ ಡಾಲರ್ ಪರಿಹಾರ ಕಟ್ಟಿತು. ಕೀ ಕದ್ದದ್ದಲ್ಲದಿದ್ದರೂ ಬೇರೆ ದೇಶಕ್ಕೆ ಸೀಮಿತವಾದದ್ದಿರಬಹುದು, ಆಗ ಇಲ್ಲಿ ಆಕ್ಟಿವೇಟ್ ಆಗುವುದಿಲ್ಲ. ಹೊರಗೆ ಕೊಂಡ ಕೀಗೆ ಸ್ಟೀಮ್ ರಿಫಂಡ್ ಕೊಡುವುದಿಲ್ಲ.

ಹಾಗಾದರೆ ಅಗ್ಗಕ್ಕೆ ದಾರಿ? ಕಾಯುವುದು. ಮಗನಿಗೆ ಇಷ್ಟವಾಗುವ ಉತ್ತರವಲ್ಲ, ಆದರೆ ಹೆಚ್ಚಿನ ಗೇಮ್‌ಗಳ ಬೆಲೆ ಒಂದೆರಡು ವರ್ಷದಲ್ಲಿ ಚೆನ್ನಾಗಿಯೇ ಇಳಿಯುತ್ತದೆ. ಸ್ಟೀಮ್‌ನಲ್ಲಿ 2015ರಿಂದ ರೂಪಾಯಿ ಬೆಲೆ ಇದೆ, ಯುಪಿಐನಲ್ಲೇ ಕಟ್ಟಬಹುದು. ಗೇಮನ್ನು ವಿಶ್‌ಲಿಸ್ಟ್‌ಗೆ ಹಾಕಿದರೆ ರಿಯಾಯಿತಿ ಬಂದ ದಿನ ಇಮೇಲ್ ಬರುತ್ತದೆ. ಅತಿ ದೊಡ್ಡ ಸೇಲ್‌ಗಳು ಎರಡು: ಜೂನ್ ಕೊನೆಯಲ್ಲಿ ಸಮ್ಮರ್ ಸೇಲ್ (ನಮ್ಮಲ್ಲಿ ಆಗ ಮಳೆ), ಡಿಸೆಂಬರ್ ಕೊನೆಯಲ್ಲಿ ವಿಂಟರ್ ಸೇಲ್. ಪಿಯುಸಿ ಪರೀಕ್ಷೆಯ ಲೆಕ್ಕದಲ್ಲಿ ಯಾವುದು ವಾಸಿ ಎಂದು ನೀವೇ ನೋಡಿ. ‘ಶೇ 60 ಕಡಿತ’ ನಿಜಕ್ಕೂ ಒಳ್ಳೆಯ ಬೆಲೆಯೇ ಎಂದು ತಿಳಿಯಲು ಸ್ಟೀಮ್‌ಡಿಬಿ ಎಂಬ ಜಾಲತಾಣದಲ್ಲಿ ಆ ಗೇಮಿನ ಹಳೆಯ ಬೆಲೆಗಳನ್ನು ರೂಪಾಯಿಯಲ್ಲೇ ನೋಡಬಹುದು. ಇಸ್‌ದೇರ್‌ಎನಿಡೀಲ್ ಎಂಬ ತಾಣ ಅಧಿಕೃತ ಅಂಗಡಿಗಳ ಬೆಲೆಗಳನ್ನು ಒಂದೇ ಕಡೆ ತೋರಿಸುತ್ತದೆ. ಅಲ್ಲಿ ಡಾಲರ್ ಬೆಲೆ ಕಡಿಮೆ ಕಂಡರೆ ಬ್ಯಾಂಕಿನ ಫಾರೆಕ್ಸ್ (ವಿದೇಶಿ ಕರೆನ್ಸಿ) ಶುಲ್ಕ ಸೇರಿಸಿ ಹೋಲಿಸಿ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಬೇಕಾದೀತು. ಕೊಂಡ ಮೇಲೆ ಮತ್ತೆ ಆಫ್ ಮಾಡಿಬಿಡಿ.

ಅಷ್ಟರವರೆಗೆ ಆಡಲು ಎಪಿಕ್ ಗೇಮ್ಸ್ ಸ್ಟೋರ್‌ನಲ್ಲಿ ಪ್ರತಿ ಗುರುವಾರ ಪುಕ್ಕಟೆ ಗೇಮ್ ಬದಲಾಗುತ್ತದೆ. ಆ ವಾರದೊಳಗೆ ಅಕೌಂಟಿಗೆ ಸೇರಿಸಿಕೊಂಡರೆ ಆಮೇಲೂ ನಿಮ್ಮದೇ. ಹಳೆಯ ಗೇಮ್‌ಗಳಿಗೆ ನಾನು ಜಿಒಜಿ ಎಂಬ ಆನ್‌ಲೈನ್ ಅಂಗಡಿಯ ಕಡೆ ವಾಲುತ್ತೇನೆ. ಅಲ್ಲಿ ಇನ್‌ಸ್ಟಾಲರ್ ಫೈಲನ್ನೇ ಇಳಿಸಿ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು, ಆಡಲು ಯಾರ ಅಪ್ಪಣೆಯೂ ಬೇಡ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಸ್ಟೀಮ್ ಫ್ಯಾಮಿಲೀಸ್ ನೋಡಿ, ಒಂದೇ ಮನೆಯ 6 ಜನ ಗೇಮ್‌ಗಳನ್ನು ಹಂಚಿಕೊಳ್ಳಬಹುದು. ತಮ್ಮ ಚೀಟ್ ಮಾಡಿ ಸಿಕ್ಕಿಬಿದ್ದರೆ ಗೇಮ್ ಕೊಂಡ ಅಣ್ಣನಿಗೂ ಆ ಗೇಮಿನಲ್ಲಿ ನಿಷೇಧ ಬೀಳುತ್ತದೆ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿರಲಿ. ವಿಪಿಎನ್ (ನೀವು ಬೇರೆ ದೇಶದಲ್ಲಿದ್ದಂತೆ ತೋರಿಸುವ ಆ್ಯಪ್) ಹಾಕಿ ಬೇರೆ ದೇಶದ ಬೆಲೆಗೆ ಕೊಳ್ಳುವ ಉಪಾಯ ಬೇಡ. ನಿಯಮಕ್ಕೆ ವಿರುದ್ಧ, ಎಲ್ಲರೂ ಓಡುತ್ತಿದ್ದ ಟರ್ಕಿ, ಅರ್ಜೆಂಟೀನಾ ಬೆಲೆಗಳೂ 2023ರ ನವೆಂಬರ್‌ನಲ್ಲಿ ಡಾಲರ್‌ಗೆ ತಿರುಗಿದವು.

ನಿಮ್ಮ ಕಂಪ್ಯೂಟರ್‌ನಲ್ಲಿ ಗೇಮ್ ಓಡುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ರಿಫಂಡ್ ಇದೆ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಕಾರಣ ಹೇಳದೆಯೂ ವಾಪಸ್ ಕೇಳಬಹುದು. ಇನ್ನೂರರ ವ್ಯಾಪಾರಿ ಕೊಡದ ಸೌಲಭ್ಯ ಇದು.

ಮಗ ಈಗಾಗಲೇ ಇನ್‌ಸ್ಟಾಗ್ರಾಮ್‌ನವನಿಗೆ ದುಡ್ಡು ಹಾಕಿದ್ದಾನಾ? ‘ರಿಫಂಡ್ ಮಾಡುತ್ತೇವೆ, ಯುಪಿಐ ಪಿನ್ ಒತ್ತಿ’ ಎಂದರೆ ಒತ್ತಬೇಡಿ, ಹಣ ಬರಲು ಪಿನ್ ಬೇಕಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಿ. ವ್ಯವಹಾರದ ಯುಟಿಆರ್ ನಂಬರ್ (ಪಾವತಿಯ ಗುರುತಿನ ಸಂಖ್ಯೆ) ಮತ್ತು ಚಾಟ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಅವನು ಕಳಿಸಿದ ಫೈಲನ್ನು ರನ್ ಮಾಡಿದ್ದರೆ ಬೇರೆ ಫೋನಿನಿಂದ ಇಮೇಲ್ ಪಾಸ್‌ವರ್ಡ್ ಮೊದಲು ಬದಲಿಸಿ, ನಂತರ ಸ್ಟೀಮ್‌ನದು, ಜೊತೆಗೆ ಸ್ಟೀಮ್ ಗಾರ್ಡ್ (ಲಾಗಿನ್‌ಗೆ ಇನ್ನೊಂದು ಕೋಡ್ ಕೇಳುವ ರಕ್ಷಣೆ) ಆನ್ ಮಾಡಿ. ವಿಂಡೋಸ್ ಹೊಸದಾಗಿ ಹಾಕಿಸುವವರೆಗೆ ಆ ಕಂಪ್ಯೂಟರ್‌ನಲ್ಲಿ ಬ್ಯಾಂಕಿನ ಕೆಲಸ ಬೇಡ.